ಹೊನ್ನೂ ಉಕ್ಕೂ ಕೂಡಿದ ಕೈಗಡಿಯಾರ

ಈ ತಿಂಗಳು ನಾವು ನಿಮ್ಮೊಡನೆ ಮಾತನಾಡಬೇಕೆಂದಿರುವ ವಸ್ತುವು ಮಣಿಕಟ್ಟಿನ ಮೇಲೆ ಕುಳಿತುಕೊಳ್ಳುವಷ್ಟು ಮಾತ್ರ ಇದೆ. ಆದರೂ ಒಂದು ಮನೆಯ ಮಾನ, ಒಬ್ಬ ತಂದೆಯ ಸಾಲ, ಒಬ್ಬ ಮಗಳ ನೆಮ್ಮದಿ ಇವೆಲ್ಲವೂ ಅದನ್ನು ಸುತ್ತಿಕೊಂಡಿರುವುದನ್ನು ಕಣ್ಣಾರೆ ಕಂಡೆವಾದುದರಿಂದ ಬರೆಯಲು ಮನಸ್ಸಾಯಿತು. ಆ ವಸ್ತುವೇ ಎರಡು ಬಣ್ಣದ ಕೈಗಡಿಯಾರ. ಬಿಳಿಯ ಉಕ್ಕಿನ ಚೈನು. ಆ ಚೈನಿನ ನಡುವೆ ಹೊನ್ನಿನ ಬಣ್ಣದ ಒಂದು ಸಾಲು. ಗಾಜಿನ ಸುತ್ತ ಹೊನ್ನಿನ ಬಳೆ. ಮುಳ್ಳನ್ನು ತಿರುಗಿಸುವ ಗುಂಡಿಯೂ ಹೊನ್ನಿನದೇ. ಇದನ್ನು ನೀವೆಲ್ಲರೂ ನೋಡಿಯೇ ಇರುವಿರಿ. ನಮ್ಮ ಕಡೆಯ ಜನರು ಇದನ್ನು ‘ಎರಡು ಕಲರಿನ ವಾಚು’ ಎನ್ನುವರು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ವರ್ಷಚಕ್ರವನ್ನು ಬಲ್ಲವರಿಗೆ ಇಲ್ಲಿಯ ಮದುವೆಯ ಕಾಲವು ಯಾವುದರ ಬೆನ್ನು ಹತ್ತಿ ಬರುವುದೆಂಬುದನ್ನು ಹೇಳಬೇಕಾಗಿಲ್ಲ. ಮುಂಗಾರಿನಲ್ಲಿ ನೆಟ್ಟ ಹೊಗೆಸೊಪ್ಪನ್ನು ಶ್ರಾವಣ ಭಾದ್ರಪದಗಳಲ್ಲಿ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೇಯಿಸಿ, ಹಸಿರೆಲೆ ಹೊಂಬಣ್ಣಕ್ಕೆ ತಿರುಗಿದ ಮೇಲೆ ಬೇಲುಗಳಾಗಿ ಕಟ್ಟಿ, ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹರಾಜಿಗೆ ಸಾಗಿಸುವರು. ತಂಬಾಕು ಮಂಡಳಿಯು ೧೯೭೬ರಲ್ಲಿ ಸ್ಥಾಪಿತವಾದುದು. ಅದು ಹರಾಜನ್ನು ಆರಂಭಿಸಿದ ಮೇಲೆ ರೈತನ ಕೈಗೆ ಹಣ ಬರುವ ಕಾಲವೂ ಬಹುಮಟ್ಟಿಗೆ ನಿಶ್ಚಿತವಾಯಿತು. ಆ ಬೆಳೆಯ ಗುಣದೋಷಗಳ ವಿಚಾರವನ್ನು ಬೇರೊಂದು ದಿನಕ್ಕೆ ಬಿಡೋಣ. ಹರಾಜಿನ ಹಣ ಬಂದಿತೆಂದರೆ ಮದುವೆಯ ಮಾತು, ಮದುವೆಯ ಮಾತು ಬಂದಿತೆಂದರೆ ವರನ ವಾಚಿನ ಮಾತು, ಇಷ್ಟನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಂಡರೆ ಸಾಕು.

ಕಳೆದ ಹರಾಜಿನ ಕಾಲದಲ್ಲಿ ಒಂದು ಸಂಜೆ ನಮ್ಮ ಹಳೆಯ ಶಿಷ್ಯನೊಬ್ಬನು ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದನು. ನಮ್ಮಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಲಾರದೆ ಬೆಂಚಿನ ಮೇಲೆ ನಿಂತವರಲ್ಲಿ ಅವನೊಬ್ಬ. ಇಂದು ಮೂರು ಎಕರೆಯ ಒಡೆಯ, ಇಬ್ಬರು ಮಕ್ಕಳ ತಂದೆ. ಕುಳಿತು ನೀರು ಕುಡಿದು, ಜೇಬಿನಿಂದ ಫೋನನ್ನು ತೆಗೆದು ಅದರಲ್ಲಿದ್ದ ಎರಡು ವಾಚುಗಳ ಚಿತ್ರಗಳನ್ನು ತೋರಿಸಿದನು.

“ಮೇಷ್ಟ್ರೇ, ನೀವು ಓದಿದೋರು. ಇದರಲ್ಲಿ ಯಾವುದರ ಚಿನ್ನ ಅಸಲಿ, ಯಾವುದರದು ಗಿಲೀಟು ಅಂತ ಒಸಿ ನೋಡಿ ಹೇಳಿ. ಮಗಳಿಗೆ ಗಂಡು ಗೊತ್ತಾಯ್ತು. ಬೀಗರ ಕಡೆಯೋರು ಎರಡು ಕಲರಿನ ಫಾರಿನ್ ವಾಚೇ ಆಗಬೇಕು ಅಂದವರೆ.”

ಬೆಲೆಯನ್ನು ಕೇಳಿದೆವು. ಅರವತ್ತೆರಡು ಸಾವಿರ ರೂಪಾಯಿ ಎಂದನು. ಆ ವರ್ಷ ಅವನ ಸೊಪ್ಪಿನಲ್ಲಿ ಅರ್ಧದಷ್ಟು ಮಳೆಗೆ ಸಿಕ್ಕಿ ಕಪ್ಪಾಗಿದ್ದಿತು. ಹರಾಜಿನಲ್ಲಿ ಅದಕ್ಕೆ ಒಳ್ಳೆಯ ದರ ಸಿಕ್ಕಿರಲಿಲ್ಲ. ವಾಚಿನ ಹಣಕ್ಕೆ ಹೆಂಡತಿಯ ಬಳೆಗಳನ್ನು ಅಡವಿಡುವುದೆಂದು ಆಗಲೇ ತೀರ್ಮಾನಿಸಿದ್ದನು. ಕೊಡಬೇಕೆ ಬೇಡವೆ ಎಂದು ಕೇಳಲು ಅವನು ಬಂದಿರಲಿಲ್ಲ. ಕೊಡುವಾಗ ಮೋಸ ಹೋಗಬಾರದೆಂದಷ್ಟೆ ಬಂದಿದ್ದನು.

ಈ ವಾಚಿನಲ್ಲಿ ಜನರನ್ನು ಮೋಹಗೊಳಿಸುವ ಗುಣವಾದರೂ ಯಾವುದು? ಇದನ್ನು ಮೊದಲು ವಿಚಾರಿಸೋಣ. ಆಸೆಯನ್ನು ಹೀಯಾಳಿಸುವುದು ಸುಲಭ. ಅದರ ಕಾರಣವನ್ನು ತಿಳಿಯದೆ ಹೀಯಾಳಿಸಿದರೆ ಮಾತ್ರ ಪ್ರಯೋಜನವಿಲ್ಲ. ಸಂಸ್ಕೃತದಲ್ಲಿ ಮಣಿಕಟ್ಟಿಗೆ ‘ಮಣಿಬಂಧ’ವೆಂದು ಹೆಸರು, ಎಂದರೆ ರತ್ನವನ್ನು ಕಟ್ಟುವ ಸ್ಥಾನ. ಕೈಗೆ ಏನನ್ನಾದರೂ ಕಟ್ಟಿಕೊಂಡು ಚಂದ ನೋಡುವ ಬಯಕೆ ಗಡಿಯಾರಕ್ಕಿಂತ ಬಹಳ ಹಿಂದಿನದೆಂದು ಆ ಶಬ್ದವೇ ಹೇಳುತ್ತದೆ.

ಇನ್ನು ಎರಡು ಬಣ್ಣದ ಮಾತು. ಇದು ಪರದೇಶದ ರುಚಿಯೆಂದು ತಿಳಿಯುವವರು ತಮ್ಮ ಮನೆಯೊಳಗೆ ಒಮ್ಮೆ ನೋಡಬೇಕು. ಬಿಳಿಯ ಪಂಚೆಗೆ ಜರಿಯ ಅಂಚಿರುವುದೇಕೆ? ಪಂಚೆಯೆಲ್ಲ ಜರಿಯಾದರೆ ಅದನ್ನು ನಾಟಕದ ರಾಜನು ಮಾತ್ರ ಉಡಬೇಕಾದೀತು. ಜರಿಯೇ ಇಲ್ಲದಿದ್ದರೆ ಹಬ್ಬಕ್ಕೆ ಸಪ್ಪೆಯಾದೀತು. ಸೋದರಿಯರ ಕೊರಳಿನ ಕರಿಮಣಿಯ ಸರವನ್ನು ನೋಡಿರಿ. ಕಪ್ಪುಮಣಿಗಳ ನಡುವೆ ಹೊನ್ನಿನ ಗುಂಡುಗಳನ್ನು ಪೋಣಿಸಿದಾಗ ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಬೆಲೆಯಿಲ್ಲದ ಗಾಜಿನ ಮಣಿ ಪಕ್ಕದಲ್ಲಿರುವುದರಿಂದಲೇ ಹೊನ್ನು ಹೊನ್ನಾಗಿ ಕಾಣುತ್ತದೆ. ನಮ್ಮ ತಾಯಂದಿರು ಬಲ್ಲ ಈ ಸೂತ್ರವನ್ನೇ ಗಡಿಯಾರದವನೂ ಹಿಡಿದಿರುವನು.

ಶಾಸ್ತ್ರಕಾರರು ‘ದೇಹಲೀದೀಪ ನ್ಯಾಯ’ವೆಂದು ಒಂದನ್ನು ಹೇಳುವರು. ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಅಂಗಳವನ್ನೂ ಏಕಕಾಲದಲ್ಲಿ ಬೆಳಗುತ್ತದೆ. ಎರಡು ಬಣ್ಣದ ವಾಚಿನ ಆಕರ್ಷಣೆಯೆಲ್ಲ ಈ ನ್ಯಾಯದಲ್ಲಿದೆ. ಬರಿಯ ಉಕ್ಕಿನದು ಕೆಲಸದ ದಿನಕ್ಕೆ ಸರಿ, ಧಾರೆಯ ಮಂಟಪಕ್ಕೆ ಸಾಲದೆಂದು ಕೆಲವರಿಗೆ ತೋರುವುದುಂಟು. ಪೂರಾ ಹೊನ್ನಿನದು ಮಂಟಪಕ್ಕೆ ಸರಿ. ಅದನ್ನು ಕಟ್ಟಿಕೊಂಡು ಸಂತೆಗೆ ಹೋದರೆ ತರಕಾರಿಯವಳು ಬೆಲೆ ಏರಿಸುವಳು, ಬಸ್ಸಿನಲ್ಲಿ ಕೈಯನ್ನು ಕಾಯುತ್ತ ಕುಳಿತಿರಬೇಕು. ಎರಡೂ ಕೂಡಿದುದು ಕಚೇರಿಗೂ ಸಲ್ಲುತ್ತದೆ, ನಾಮಕರಣಕ್ಕೂ ಸಲ್ಲುತ್ತದೆ. ನಮ್ಮಂತಹ ನಡುವಣ ಸ್ಥಿತಿಯವರಿಗೆ, ಬಡವರೆಂದು ಕಾಣಿಸಿಕೊಳ್ಳಲೂ ಮನಸ್ಸಿಲ್ಲದೆ ಸಿರಿವಂತರೆಂದು ಮೆರೆಯಲೂ ಧೈರ್ಯವಿಲ್ಲದೆ ಬಾಳುವವರಿಗೆ, ಇದಕ್ಕಿಂತ ಒಪ್ಪುವ ಆಭರಣವು ಯಾವುದು? ಅದರಲ್ಲೂ ನಮ್ಮ ಗಂಡಸರು ಉಂಗುರವನ್ನು ಬಿಟ್ಟರೆ ಬೇರೆ ಒಡವೆ ತೊಡಲು ನಾಚುವರು. ವಾಚು ಉಪಯೋಗದ ವಸ್ತುವೆಂಬ ಮರೆಯಲ್ಲಿ ಒಡವೆಯ ಆಸೆಯನ್ನೂ ತೀರಿಸಿಕೊಡುತ್ತದೆ.

ಇದರ ಚರಿತ್ರೆಯನ್ನೂ ಸ್ವಲ್ಪ ತಿಳಿದುಕೊಳ್ಳೋಣ. ತುಕ್ಕು ಹಿಡಿಯದ ಉಕ್ಕನ್ನು ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಸಿದ್ಧಪಡಿಸಿದುದು ೧೯೧೩ರಲ್ಲಿ. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಪಾಲಿಗೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಲೋಹವನ್ನು ಬೆರೆಸಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಹುಟ್ಟಿ ತುಕ್ಕನ್ನು ತಡೆಯುತ್ತದೆ. ಹೊನ್ನಿನ ಗುಣ ಬೇರೆ. ಅದಕ್ಕೆ ತುಕ್ಕಿನ ಭಯವಿಲ್ಲ; ಆದರೆ ಅದು ಮೆತ್ತಗಿನ ಲೋಹ, ಬೇಗ ಗೀರು ಬೀಳುವುದು, ಬೆಲೆಯೂ ಹೆಚ್ಚು. ಗಟ್ಟಿಯಾದುದನ್ನೂ ಚೆಲುವಾದುದನ್ನೂ ಒಂದೆಡೆ ಸೇರಿಸಬಾರದೇಕೆ ಎಂಬ ಆಲೋಚನೆಯಿಂದ ಜಿನೀವಾ ನಗರದ ರೋಲೆಕ್ಸ್ ಕಂಪನಿಯವರು ಉಕ್ಕಿಗೆ ಹೊನ್ನನ್ನು ಕೂಡಿಸಿ ಮಾಡಿದ ವಾಚಿಗೆ ‘ರೋಲೆಸಾರ್’ ಎಂಬ ಹೆಸರನ್ನು ೧೯೩೩ರಲ್ಲಿ ನೋಂದಾಯಿಸಿದರು. ಫ್ರೆಂಚ್ ಭಾಷೆಯಲ್ಲಿ ‘ಓರ್’ ಎಂದರೆ ಹೊನ್ನು. ೧೯೭೮ರಲ್ಲಿ ಕಾರ್ಟಿಯೇ ಕಂಪನಿಯವರು ಉಕ್ಕಿನ ಚೈನಿಗೆ ಹೊನ್ನಿನ ಮೊಳೆಗಳನ್ನು ಕೂರಿಸಿದ ವಾಚನ್ನು ತಂದ ಮೇಲೆ ಈ ಜೋಡಿಯು ಲೋಕಪ್ರಿಯವಾಯಿತು.

ನಮ್ಮ ನಾಡಿನಲ್ಲಿ ಆದುದೇನು? ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯವರು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಗೆ ಕೈಹಾಕಿದರು; ೧೯೭೮ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ತೆರೆಯಿತು. ಅವರ ‘ಜನತಾ’ ವಾಚು ಎಷ್ಟು ಮಂದಿ ಮೇಷ್ಟರುಗಳ ಕೈಯಲ್ಲಿ ಶಾಲೆಯ ಗಂಟೆಯನ್ನು ಹೊಡೆಯಿಸಿತೋ ಲೆಕ್ಕವಿಲ್ಲ. ಆದರೆ ಅದೇ ಕಾರ್ಖಾನೆಯ ಬೇರೆ ವಾಚುಗಳ ಹೆಸರುಗಳನ್ನು ಗಮನಿಸಿರಿ: ಒಂದು ‘ಸೋನಾ’, ಇನ್ನೊಂದು ‘ಕಾಂಚನ್’. ಎರಡರ ಅರ್ಥವೂ ಹೊನ್ನೇ. ೧೯೬೩ರಲ್ಲಿ ಚಿನ್ನದ ಹತೋಟಿಯ ಕಟ್ಟಳೆ ಬಂದು ಹದಿನಾಲ್ಕು ಕ್ಯಾರಟ್ಟಿಗೆ ಮೀರಿದ ಒಡವೆಯನ್ನು ಮಾಡಕೂಡದೆಂದಾಯಿತು. ೧೯೬೮ರ ಕಾಯಿದೆಯಿಂದ ಮುಂದುವರಿದ ಆ ಹತೋಟಿಯನ್ನು ೧೯೯೦ರಲ್ಲಿ ತೆಗೆದುಹಾಕಲಾಯಿತು. ಚಿನ್ನದ ಮೇಲೆ ಹೀಗೆ ಕಟ್ಟುಕಟ್ಟಳೆಗಳಿದ್ದ ವರ್ಷಗಳಲ್ಲಿ ಹೊನ್ನಿನ ಹೆಸರೂ ಹೊನ್ನಿನ ಬಣ್ಣವೂ ಜನರಿಗೆ ಇನ್ನಷ್ಟು ಪ್ರಿಯವಾದುದರಲ್ಲಿ ಆಶ್ಚರ್ಯವೇನು? ೧೯೮೪ರಲ್ಲಿ ಟಾಟಾ ಸಂಸ್ಥೆಯವರೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮದವರೂ ಕೂಡಿ ಟೈಟಾನ್ ಕಂಪನಿಯನ್ನು ಸ್ಥಾಪಿಸಿ, ನಮ್ಮ ಗಡಿಗೆ ಹೊಂದಿಕೊಂಡ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದರು. ಆ ಮೇಲೆ ವಾಚು ಕಾಲವನ್ನು ತಿಳಿಸುವ ಯಂತ್ರವೆಂಬುದಕ್ಕಿಂತ ಉಡುಗೊರೆಯೆಂದೂ ಅಲಂಕಾರವೆಂದೂ ಹೆಚ್ಚಾಗಿ ಮಾರಾಟವಾಯಿತು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು ೨೦೧೬ರಲ್ಲಿ ತೀರ್ಮಾನಿಸಿತು. ಎರಡು ಬಣ್ಣದ ವಾಚು ಮಾತ್ರ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ಚಿನ್ನವು ಅಸಲಿಯೋ ಗಿಲೀಟೋ? ಇದರಲ್ಲಿ ಮೂರು ಬಗೆಗಳುಂಟೆಂದು ಅವನಿಗೆ ವಿವರಿಸಿದೆವು. ಮೊದಲನೆಯದರಲ್ಲಿ ಬಳೆ, ಗುಂಡಿ, ಚೈನಿನ ನಡುಸಾಲು ಇವು ಗಟ್ಟಿ ಚಿನ್ನದವು. ಸಾಮಾನ್ಯವಾಗಿ ಅದು ಹದಿನೆಂಟು ಕ್ಯಾರಟ್ಟು, ಎಂದರೆ ನೂರಕ್ಕೆ ಎಪ್ಪತ್ತೈದು ಪಾಲು ಚಿನ್ನ. ಇದರ ಬೆಲೆ ಲಕ್ಷಗಳಲ್ಲಿ; ನಮ್ಮ ನಿಮ್ಮ ಮಾತಲ್ಲ. ಎರಡನೆಯದು ವಿದ್ಯುತ್ತಿನ ಸಹಾಯದಿಂದ ಚಿನ್ನದ ನೀರು ಕೊಟ್ಟದ್ದು. ಹಿಂದಿನ ಕಾಲದ ಒಳ್ಳೆಯ ವಾಚುಗಳ ಬೆನ್ನಿನ ಮೇಲೆ ಹತ್ತು ಮೈಕ್ರಾನ್, ಇಪ್ಪತ್ತು ಮೈಕ್ರಾನ್ ಎಂದು ಅದರ ದಪ್ಪವನ್ನು ಕೆತ್ತುತ್ತಿದ್ದುದುಂಟು. ಮೂರನೆಯದು ಈಚಿನ ರೀತಿ. ಗಾಳಿಯನ್ನು ತೆಗೆದ ಪೆಟ್ಟಿಗೆಯಲ್ಲಿ ಲೋಹವನ್ನು ಆವಿಯಾಗಿಸಿ ಉಕ್ಕಿನ ಮೇಲೆ ಕೂರಿಸುವರು. ಹೊನ್ನಿನ ಬಣ್ಣವನ್ನೇ ಹೋಲುವ ಟೈಟಾನಿಯಂ ನೈಟ್ರೈಡ್ ಎಂಬ ಗಟ್ಟಿ ಪದಾರ್ಥವನ್ನು ಕೆಳಗೆ ಹಾಸಿ, ಅದರ ಮೇಲೆ ತೆಳುವಾಗಿ ಚಿನ್ನವನ್ನು ಕೊಡುವುದುಂಟು. ಕೆಲವದರಲ್ಲಿ ಚಿನ್ನವೇ ಇರುವುದಿಲ್ಲ, ಬಣ್ಣ ಮಾತ್ರ. ಹಳೆಯ ಗಿಲೀಟಿಗಿಂತ ಇದು ಹೆಚ್ಚು ಬಾಳುವುದೇನೋ ನಿಜ.

ಅವನು ತೋರಿಸಿದ ಎರಡೂ ಮೂರನೆಯ ಬಗೆಯವು. ಅದರಲ್ಲಿ ಚಿನ್ನವಿದ್ದರೂ ಎಷ್ಟಿದ್ದೀತು ಎಂದು ಅವನು ಕೇಳಿದನು. ಮೇಷ್ಟರ ಹಳೆಯ ಚಾಳಿ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿಯೇ ಬಿಟ್ಟೆವು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ಎಳೆಯೇ ಐವತ್ತರಿಂದ ನೂರು ಮೈಕ್ರಾನ್ ದಪ್ಪವಿರುತ್ತದೆ. ಹೊನ್ನಿನ ಬಣ್ಣದ ಭಾಗವೆಲ್ಲ ಸೇರಿ ಹತ್ತು ಚದರ ಸೆಂಟಿಮೀಟರ್ ಎಂದೂ, ಚಿನ್ನದ ದಪ್ಪ ಒಂದು ಮೈಕ್ರಾನ್ ಎಂದೂ ಇಟ್ಟುಕೊಳ್ಳೋಣ. ಆಗ ಅದರ ಗಾತ್ರವು ಒಂದು ಘನ ಸೆಂಟಿಮೀಟರಿನ ಸಾವಿರದಲ್ಲೊಂದು ಪಾಲು. ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ ೧೯.೩ ಗ್ರಾಂ. ಆದುದರಿಂದ ವಾಚಿನ ಮೇಲಿರುವ ಚಿನ್ನ ಸುಮಾರು ೧೯ ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಹಳೆಯ ಗುಲಗಂಜಿ ಸುಮಾರು ೧೨೦ ಮಿಲಿಗ್ರಾಂ ತೂಗುತ್ತದೆ. ಎಂದರೆ ಒಂದು ಗುಲಗಂಜಿ ತೂಕದ ಚಿನ್ನದಲ್ಲಿ ಅಂಥ ಆರು ವಾಚುಗಳಿಗೆ ಬಣ್ಣ ಬರುತ್ತದೆ! ೨೦೨೫ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆಯು ಲಕ್ಷ ರೂಪಾಯಿಯನ್ನು ದಾಟಿತು. ಲಕ್ಷವೆಂದೇ ಹಿಡಿದರೂ ಒಂದು ವಾಚಿನ ಮೇಲಿರುವ ಚಿನ್ನವು ಇನ್ನೂರು ರೂಪಾಯಿಗಳ ಒಳಗೆ. ಉಳಿದುದು ಯಂತ್ರದ ಬೆಲೆ, ಗಾಜಿನ ಬೆಲೆ, ಕೆಲಸಗಾರಿಕೆಯ ಬೆಲೆ, ಎಲ್ಲಕ್ಕಿಂತ ಮಿಗಿಲಾಗಿ ಹೆಸರಿನ ಬೆಲೆ.

ಶಿಷ್ಯನು ಕಾಗದವನ್ನು ಬಹಳ ಹೊತ್ತು ನೋಡಿದನು. “ಆರು ವಾಚಿಗೆ ಒಂದು ಗುಲಗಂಜಿಯಾ!” ಎಂದು ನಕ್ಕನು. ಆ ಮೇಲೆ ನಗು ಇಳಿದುಹೋಗಿ ಹೀಗೆಂದನು: “ಆದರೆ ಮೇಷ್ಟ್ರೇ, ಎಷ್ಟು ಚಿನ್ನ ಅಂತ ಅಲ್ಲಿ ಯಾರು ತೂಗುತ್ತಾರೆ? ಕೈಯಲ್ಲಿ ವಾಚು ಐತಾ ಇಲ್ವಾ ಅಂತ ನೋಡ್ತಾರೆ ಅಷ್ಟೆ. ಇಲ್ದಿದ್ರೆ ನನ್ನ ಮಗಳು ಆ ಮನೇಲಿ ತಲೆ ಎತ್ತೋದು ಹೆಂಗೆ?”

ಈ ಮಾತಿಗೆ ಲೆಕ್ಕದಲ್ಲಿ ಉತ್ತರವಿರಲಿಲ್ಲ. ನಾವು ಒಳಗೆ ಹೋಗಿ ಬೀರುವಿನಿಂದ ನಮ್ಮ ಹಳೆಯ ವಾಚನ್ನು ತಂದು ಅವನ ಕೈಗಿತ್ತೆವು. ಅದೂ ಒಂದು ಕಾಲಕ್ಕೆ ಎರಡು ಬಣ್ಣದ್ದೇ. ಈಗ ಒಂದೇ ಬಣ್ಣ. ಅದರ ಕಥೆಯನ್ನು ಅವನಿಗೆ ಹೇಳಿದಂತೆಯೇ ನಿಮಗೂ ಹೇಳುವೆವು. ಹೇಳುವಾಗ ನಮಗೆ ನಾಚಿಕೆಯಾಗುವುದುಂಟು. ಆದರೆ ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಸತ್ಯವನ್ನು ಹೇಳಿರೆಂದು ಬೋಧಿಸಿದವರು ನಾಚಿಕೆಗೆ ಹೆದರಿ ಸುಮ್ಮನಿರಬಾರದು.

ನಮ್ಮ ವಿವಾಹವು ೧೯೯೨ರಲ್ಲಿ ನಡೆಯಿತು. ನಮ್ಮ ಮಾವನವರು ಕೃಷ್ಣರಾಜನಗರದ ಬಳಿಯ ಹಳ್ಳಿಯವರು. ನಾಲೆಯ ನೀರಿನಲ್ಲಿ ಒಂದೂವರೆ ಎಕರೆ ಭತ್ತ ಬೆಳೆದು, ಜೊತೆಗೆ ಪೌರೋಹಿತ್ಯವನ್ನೂ ಮಾಡಿ, ಮೂವರು ಹೆಣ್ಣುಮಕ್ಕಳನ್ನು ಸಾಕಿದವರು. ವರದಕ್ಷಿಣೆಯನ್ನು ತೆಗೆದುಕೊಳ್ಳುವುದಿಲ್ಲವೆಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದ್ದೆವು. ಆದರೆ ಮೈಸೂರಿನ ಅಂಗಡಿಯೊಂದರ ಗಾಜಿನ ಹಿಂದೆ ಎರಡು ಬಣ್ಣದ ವಾಚನ್ನು ಕಂಡು ಬಂದ ದಿನ, ನಮ್ಮ ಸೋದರತ್ತೆಯ ಕಿವಿಗೆ ಬೀಳುವಂತೆ, ಅದು ಎಷ್ಟು ಚೆನ್ನಾಗಿದೆಯೆಂದು ಎರಡು ಸಲ ಹೇಳಿದ್ದೆವು. ಎರಡನೆಯ ಸಲ ಹೇಳಬೇಕಾದ ಅಗತ್ಯವಿರಲಿಲ್ಲ. ಏತಕ್ಕೆ ಹೇಳಿದೆವೆಂಬುದು ನಮಗೆ ಗೊತ್ತು. ಅತ್ತೆಯು ಅದನ್ನು ಬೀಗರ ಮನೆಗೆ ತಲುಪಿಸಿದಳು. ವರಪೂಜೆಯ ದಿನ ಅದೇ ವಾಚು ಬೆಳ್ಳಿಯ ತಟ್ಟೆಯಲ್ಲಿ ಬಂದಿತು. ಬೆಲೆ ಸಾವಿರದ ಇನ್ನೂರು ರೂಪಾಯಿ. ನಮ್ಮ ಕೈಗೆ ಅದನ್ನು ಕಟ್ಟುವಾಗ ಮಾವನವರು, “ಸರಿಯಾಗಿದೆಯೇ? ಬಿಗಿಯಾಗಲಿಲ್ಲವಷ್ಟೆ?” ಎಂದು ಕೇಳಿದರು. ನಾವು ತಲೆಯಾಡಿಸಿದೆವು.

ನಾಲ್ಕು ವರ್ಷಗಳಲ್ಲಿ ಚೈನಿನ ಕೊಂಡಿಯ ಬಳಿ ಹೊನ್ನು ಮಾಸಿತು. ಏಳನೆಯ ವರ್ಷಕ್ಕೆ ನಡುಸಾಲೆಲ್ಲ ಬೆಳ್ಳಗಾಯಿತು. ಹುಣಸೂರಿನಲ್ಲಿ ವಾಚು ರಿಪೇರಿ ಮಾಡುವವರೊಬ್ಬರಿಗೆ ತೋರಿಸಿ, ಅಂಗಡಿಯವನು ಮೋಸ ಮಾಡಿದನೆಂದು ದೂರಿದೆವು. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಬೂದುಗಾಜನ್ನು ತೆಗೆದು ಹೇಳಿದರು: “ಮೋಸ ಏನಿಲ್ಲ ಮೇಷ್ಟ್ರೇ. ಚಿನ್ನ ಮೇಲಿತ್ತು, ಹೋಯಿತು. ಉಕ್ಕು ಒಳಗಿದೆ, ಅದಕ್ಕೇನೂ ಆಗಿಲ್ಲ. ಇನ್ನೂ ಇಪ್ಪತ್ತು ವರ್ಷ ಓಡುತ್ತೆ.”

ಅಂದು ಮನೆಗೆ ಬಂದು, ನಿಮ್ಮ ತಂದೆ ಕೊಟ್ಟ ವಾಚಿನ ಬಣ್ಣವೆಲ್ಲ ಹೋಯಿತೆಂದು ನಮ್ಮ ಮನೆಯಾಕೆಯೊಡನೆ ಹಾಸ್ಯಕ್ಕೆಂಬಂತೆ ಆಡಿದೆವು. ಆಕೆ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು. “ಅದಕ್ಕಾಗಿ ನಮ್ಮಪ್ಪ ಗಬ್ಬದ ಹಸುವನ್ನು ಮಾರಿದರು. ನನ್ನ ತಂಗಿಯರು ಆ ವರ್ಷವೆಲ್ಲ ಮಜ್ಜಿಗೆಯಿಲ್ಲದೆ ಉಂಡರು. ನಿಮಗೆ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿದ್ದರು” ಎಂದು ಮೆಲ್ಲನೆ ಹೇಳಿ, ಮೊರವನ್ನು ಎತ್ತಿಕೊಂಡಳು. ಮಾವನವರು ಆ ವೇಳೆಗೆ ತೀರಿಕೊಂಡು ಒಂದು ವರ್ಷವಾಗಿದ್ದಿತು. ಕ್ಷಮೆ ಬೇಡೋಣವೆಂದರೆ ಅವರಿಲ್ಲ. ಹಸುವನ್ನು ಕೊಂಡುಕೊಡೋಣವೆಂದರೆ ಕಟ್ಟಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಜ್ಜಿಗೆಯಿಲ್ಲದೆ ಉಂಡ ಆ ಇಬ್ಬರು ತಂಗಿಯರಲ್ಲಿ ಕಿರಿಯವಳ ಓದಿನ ವೆಚ್ಚವನ್ನು ಆ ಮೇಲೆ ನಾವು ವಹಿಸಿಕೊಂಡೆವು. ಅದು ಸಾಲದ ತೀರುವೆಯಲ್ಲ, ಬಡ್ಡಿ ಮಾತ್ರ. ವಾಚನ್ನು ಮಾತ್ರ ಮತ್ತೆ ಬಣ್ಣ ಹಾಕಿಸದೆ, ನಿವೃತ್ತಿಯ ದಿನದವರೆಗೂ ಕಟ್ಟಿಕೊಂಡೆವು.

ಶಿಷ್ಯನು ಇದನ್ನೆಲ್ಲ ಕೇಳಿ ಏನನ್ನೂ ಹೇಳಲಿಲ್ಲ. ವಾಚನ್ನು ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟನು. ಹೊರಡುವಾಗ ಅವನಿಗೆ ಒಂದು ಮಾತನ್ನು ಹೇಳಿದೆವು. ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಕೇಳುವುದೂ ತಪ್ಪು, ಕೊಡುವುದೂ ತಪ್ಪು. ಕೇಳದೆಯೇ ಪ್ರೀತಿಯಿಂದ ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ; ಆದರೆ ಅದು ರೂಢಿಯಲ್ಲಿರುವಂಥದಾಗಿ, ಕೊಡುವವನ ಶಕ್ತಿಗೆ ಮೀರದಿರಬೇಕು, ಪಟ್ಟಿಯಲ್ಲಿ ಬರೆದಿಡಬೇಕು. “ಕಾಯಿದೆಯ ಮಾತು ಹಾಗಿರಲಿ. ಹುಡುಗನಿಗೆ ಈ ಸಂಗತಿ ತಿಳಿದಿದೆಯೇ ಎಂದು ನಿನ್ನ ಮಗಳು ಒಮ್ಮೆ ಕೇಳಲಿ. ನಮಗೆ ಆ ದಿನ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು” ಎಂದೆವು.

ಲಗ್ನಪತ್ರಿಕೆ ಬಂದಿತು. ಮದುವೆಗೆ ಹೋದೆವು. ಧಾರೆಯ ಹೊತ್ತಿಗೆ ನಮ್ಮ ಕಣ್ಣು ತಾನಾಗಿ ವರನ ಕೈಯ ಕಡೆ ಹೋಯಿತು. ಬಲಗೈಯಲ್ಲಿ ಅರಿಸಿನದ ಕೊನೆ ಕಟ್ಟಿದ ಕಂಕಣ. ಎಡಗೈಯಲ್ಲಿ ಎರಡು ಬಣ್ಣದ ವಾಚು. ನಮಗೆ ಊಟ ಸೇರಲಿಲ್ಲ. ಬಳೆಗಳು ಅಡವಿಗೆ ಹೋದುವೆಂದೇ ಬಗೆದು, ಪಂಕ್ತಿಯ ಕೊನೆಯಲ್ಲಿ ಬಡಿಸುತ್ತಿದ್ದ ಶಿಷ್ಯನ ಹೆಂಡತಿಯ ಕೈಯನ್ನು ನೋಡಿದೆವು. ಬಳೆಗಳು ಕೈಯಲ್ಲಿಯೇ ಇದ್ದುವು.

ಶಿಷ್ಯನು ನಮ್ಮ ನೋಟವನ್ನು ಅರಿತು ಹತ್ತಿರ ಬಂದು ಬಗ್ಗಿ ಹೇಳಿದನು: “ಅದು ಅವನೇ ತಗೊಂಡದ್ದು ಮೇಷ್ಟ್ರೇ. ಮಗಳು ಫೋನು ಮಾಡಿ ಕೇಳಿದ್ಲು. ಅವನಿಗೆ ಗೊತ್ತೇ ಇರಲಿಲ್ವಂತೆ, ಅವರ ಚಿಕ್ಕಪ್ಪ ಕೇಳಿದ್ದಂತೆ. ನಂಗೆ ಆ ವಾಚಿನ ಮೇಲೆ ಆಸೆ ಇರೋದು ನಿಜ, ಆದರೆ ನನ್ನ ಸಂಬಳದಲ್ಲಿ ತಗೋತೀನಿ ಅಂದನಂತೆ. ನಾಲ್ಕು ಸಾವಿರದ್ದು. ನಮ್ಮ ದೇಶದ್ದೇ.”

ಅಂದಿನ ಪಾಯಸವನ್ನು ನಾವು ಎರಡು ಸಲ ಹಾಕಿಸಿಕೊಂಡೆವು.

ಹುಡುಗನ ಮಾತಿನಲ್ಲಿ ನಮಗೆ ಮೆಚ್ಚಿಕೆಯಾದುದು ಅವನು ಆಸೆಯನ್ನು ಮುಚ್ಚಿಡದಿದ್ದುದು. ಆಸೆಯಿಲ್ಲವೆಂದು ಹೇಳಿ, ಅತ್ತೆಯ ಕಿವಿಗೆ ಬೀಳುವಂತೆ ಎರಡು ಸಲ ಆಡಿದ ನಮಗಿಂತ ಅವನು ಮೇಲು. ಚೆಲುವಾದುದನ್ನು ಕಟ್ಟಿಕೊಳ್ಳಬೇಕೆಂಬುದು ಪಾಪವಲ್ಲ. ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಮುರಿದು, ಕೈಗೆ ಹತ್ತಿದ ಕರಿಯ ಅಂಟನ್ನು ಉಜ್ಜಿ ತೊಳೆದು, ಸಂತೆಯ ದಿನ ಹೊಳೆಯುವ ವಾಚನ್ನು ಕಟ್ಟಿಕೊಳ್ಳುವ ತರುಣನನ್ನು ಕಂಡರೆ ನಮಗೆ ಸಂತೋಷವೇ ಆಗುವುದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವರು. ಕೆಸರಾದ ಕೈಗೆ ಒಂದು ಗೆರೆ ಹೊನ್ನಿದ್ದರೆ ತಪ್ಪೇನು? ಆದರೆ ಆ ಕೆಸರು ಅವನದೇ ಆಗಿರಬೇಕು, ಮಾವನದಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು. ಚಿನ್ನವೆಂದು ಮಾರುವವನನ್ನು, ಗಟ್ಟಿಯೋ ಲೇಪವೋ, ಲೇಪವಾದರೆ ಯಾವ ಬಗೆಯದು ಎಂದು ಕೇಳಿ, ರಸೀದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಲೇಪದ ವಾಚನ್ನು ಚಿನ್ನದಂತೆ ಕಾಲಕ್ಕೆ ಒದಗುವ ಆಸ್ತಿಯೆಂದು ಬಗೆಯಬಾರದು. ಅಡವಿನ ಅಂಗಡಿಯಲ್ಲಿ ಅದಕ್ಕೆ ಚಿನ್ನದ ಬೆಲೆಯಿಲ್ಲ. ಬೆವರು, ಸೋಪು, ಸುಗಂಧದ್ರವ್ಯ ಇವು ಲೇಪಕ್ಕೆ ಶತ್ರುಗಳು. ರಾತ್ರಿ ಬಿಚ್ಚಿದಾಗ ಮೆತ್ತನೆಯ ಬಟ್ಟೆಯಿಂದ ಒರಸಿಡಬೇಕು. ಸೋದರಿಯರು ದೀಪದ ಕಂಬವನ್ನು ಬೆಳಗುವಂತೆ ಹುಣಸೆಹಣ್ಣಿನಿಂದ ಇದನ್ನು ಬೆಳಗಬಾರದು. ನಮ್ಮ ಮನೆಯಲ್ಲಿ ಒಮ್ಮೆ ಆ ಉಪಕಾರವೂ ನಡೆದುದುಂಟು. ಉಕ್ಕಿನಲ್ಲಿ ಬೆರೆತಿರುವ ನಿಕ್ಕಲ್ ಲೋಹವು ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆಯನ್ನುಂಟುಮಾಡುವುದು. ಅಂಥವರು ಒಂದೆರಡು ದಿನ ಕಟ್ಟಿ ನೋಡಿ ಕೊಳ್ಳುವುದು ಲೇಸು.

ನಮ್ಮ ಹಳೆಯ ವಾಚು ಈಗ ನಾವು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ. ಸೆಲ್ಲು ಹಾಕಿಸಿದರೆ ಇಂದಿಗೂ ಓಡುತ್ತದೆ. ಹೊನ್ನೆಲ್ಲ ಹೋಗಿದೆ, ಉಕ್ಕು ಹಾಗೆಯೇ ಇದೆ. ಮಾವನವರು ಅದನ್ನು ಕಟ್ಟಿ, ಬಿಗಿಯಾಗಲಿಲ್ಲವಷ್ಟೆ ಎಂದು ಕೇಳಿದ ಮಾತಿಗೆ ಅಂದು ತಲೆಯಾಡಿಸಿದೆವಲ್ಲ; ಈಗ ಕೇಳಿದ್ದರೆ ಬಿಗಿಯಾಗಿದೆಯೆಂದೇ ಹೇಳುತ್ತಿದ್ದೆವು. ಮನೆಯಲ್ಲಿ ಮದುವೆಗೆ ಬಂದ ಗಂಡುಮಕ್ಕಳಿರುವ ವಾಚಕರು ಈ ಬರಹವನ್ನು ಅವರ ಕೈಗೂ ಕೊಡಬೇಕೆಂದು ನಮ್ಮ ಬಿನ್ನಹ.